ಸುಟ್ಟುಹೋದ ಕಾಗದಗಳಿಗೆ ನಕಲು ಹುಡುಕಿದ ರಿಚರ್ಡ್ ಹೇಯ್ಸ್

ನಮ್ಮ ವಾರ್ಷಿಕ ಸಂಚಿಕೆಯಲ್ಲಿ ಪ್ರತಿ ಸಲ ಯಾರಾದರೊಬ್ಬ ಹಿರಿಯರ ಜೀವನ ಚರಿತ್ರೆ ಇದ್ದೇ ಇರುತ್ತೆ. ಸಾಮಾನ್ಯವಾಗಿ ನಮ್ಮ ಕಡೆಯವರದೇ. ಈ ಸಲ ನಮಗೆ ಕೆಲಸ ಕೊಟ್ಟ ಈ ನಾಡಿನವರೊಬ್ಬರ ಬಗ್ಗೆ ಬರೆಯೋಣ ಅನ್ನಿಸಿತು. ಆಯ್ಕೆ ಮಾಡಿದ್ದು ರಾಜಕಾರಣಿಯನ್ನೂ ಅಲ್ಲ, ಕವಿಯನ್ನೂ ಅಲ್ಲ, ಒಬ್ಬ ಲೈಬ್ರರಿಯನ್ ಅನ್ನು. ಹೆಸರು ರಿಚರ್ಡ್ ಹೇಯ್ಸ್. 1940ರಿಂದ 1967ರವರೆಗೆ ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ನಿರ್ದೇಶಕರು. ನಾನು ಐಟಿಐ ಓದಿದ ಎಲೆಕ್ಟ್ರಿಷಿಯನ್. ಕೆ.ಆರ್. ಪೇಟೆ ಕಡೆಯವನು. ಪುಸ್ತಕದ ಹುಳು ಏನಲ್ಲ. ಆದರೂ ಈ ಮನುಷ್ಯನ ಕಥೆ ಓದಿದ ಮೇಲೆ ನಮ್ಮಂಥವರಿಗೆ ಇದು ಗೊತ್ತಿರಲೇಬೇಕು ಅನ್ನಿಸಿತು. ಯಾಕೆ ಅಂದರೆ ಪರದೇಶದಲ್ಲಿ ಇರೋ ನಮ್ಮ ಇಡೀ ಜೀವನ ನಿಂತಿರೋದು ಕಾಗದಗಳ ಮೇಲೆ. ಪಾಸ್‌ಪೋರ್ಟು, ಪರ್ಮಿಟ್ಟು, ಜನನ ಪತ್ರ, ಮದುವೆ ಪತ್ರ, ಮಾರ್ಕ್ಸ್ ಕಾರ್ಡು. ಒಂದು ಕಾಗದ ಕಳೆದರೆ ಏನಾಗುತ್ತೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದು ಇಡೀ ದೇಶದ ಕಾಗದಗಳು ಒಂದೇ ದಿನ ಸುಟ್ಟುಹೋದರೆ?

ಹೋಗಿದ್ದವು. ಅದನ್ನು ಮೊದಲು ಹೇಳಿಬಿಡ್ತೀನಿ, ಆಮೇಲೆ ಹೇಯ್ಸ್ ಅವರ ವಿಷಯಕ್ಕೆ ಬರ್ತೀನಿ.

ಡಬ್ಲಿನ್‌ನಲ್ಲಿ ಲಿಫಿ ನದಿ ಪಕ್ಕ ದೊಡ್ಡ ಹಸಿರು ಗುಮ್ಮಟದ ಕಟ್ಟಡ ಇದೆಯಲ್ಲ, ಫೋರ್ ಕೋರ್ಟ್ಸ್, ಲುವಾಸ್ ರೆಡ್ ಲೈನ್‌ನಲ್ಲಿ ಓಡಾಡುವವರೆಲ್ಲ ಆ ಸ್ಟಾಪಿನ ಹೆಸರು ದಿನಾ ಕೇಳ್ತೀರಿ. ಅಲ್ಲಿ ಪಬ್ಲಿಕ್ ರೆಕಾರ್ಡ್ ಆಫೀಸ್ ಇತ್ತು. ನಮ್ಮ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮನ್ನು ನೆನಪು ಮಾಡಿಕೊಳ್ಳಿ, ಅದನ್ನು ಇಡೀ ದೇಶದ ಮಟ್ಟಕ್ಕೆ ಹಿಗ್ಗಿಸಿ. ಸುಮಾರು ಏಳುನೂರು ವರ್ಷಗಳ ಸರ್ಕಾರಿ ಕಡತಗಳು, ಕೋರ್ಟು ದಾಖಲೆ, ಉಯಿಲುಗಳು, ಜನಗಣತಿಯ ಕಾಗದಗಳು, ಚರ್ಚುಗಳ ರಿಜಿಸ್ಟರುಗಳು ಎಲ್ಲ ಅಲ್ಲೇ. 1922ರ ಜೂನ್ ಕೊನೆಯಲ್ಲಿ ಅಂತರ್ಯುದ್ಧ ಶುರುವಾಯಿತು. ಜೂನ್ 28ಕ್ಕೆ ಫಿರಂಗಿ ಹೊಡೆತ ಆರಂಭ, ಜೂನ್ 30ಕ್ಕೆ ಭಾರಿ ಸ್ಫೋಟ, ಬೆಂಕಿ. ರೆಕಾರ್ಡ್ ಆಫೀಸಿನ ಖಜಾನೆ ಪೂರ್ತಿ ಬೂದಿ. ಸುಟ್ಟ ಕಾಗದದ ಚೂರುಗಳು ಗಾಳಿಯಲ್ಲಿ ಹಾರಿ ಊರ ತುಂಬಾ ಬಿದ್ದವಂತೆ. ಯಾರು ಯಾರ ಮೇಲೆ ಹೊಡೆದರು, ತಪ್ಪು ಯಾರದು ಅನ್ನೋ ಜಗಳ ಇಲ್ಲಿ ಇನ್ನೂ ಮುಗಿದಿಲ್ಲ. ಸೈಟ್‌ನಲ್ಲಿ ಟೀ ಬ್ರೇಕ್‌ನಲ್ಲಿ ಈ ವಿಷಯ ಎತ್ತಬೇಡಿ, ಕೆಲಸ ಶುರುವಾಗೋದಿಲ್ಲ!

ಇದರಿಂದ ಬಡವರಿಗೇನು ನಷ್ಟ, ರಾಜರ ಕಾಗದ ತಾನೇ ಹೋಗಿದ್ದು ಅನ್ನಬಹುದು. ಹಾಗಲ್ಲ. ಒಂದು ಉದಾಹರಣೆ ಕೊಡ್ತೀನಿ. ಇಲ್ಲಿ 1909ರಿಂದ ಎಪ್ಪತ್ತು ವರ್ಷ ತುಂಬಿದ ಬಡವರಿಗೆ ವೃದ್ಧಾಪ್ಯ ಪಿಂಚಣಿ ಕೊಡೋದಕ್ಕೆ ಶುರು ಮಾಡಿದರು. ಆದರೆ ಜನನ ನೋಂದಣಿ ಎಲ್ಲರಿಗೂ ಬಂದದ್ದು 1864ರಲ್ಲಿ. ಅಂದರೆ ಪಿಂಚಣಿ ಕೇಳುವ ವಯಸ್ಸಿನ ಯಾರ ಹತ್ತಿರವೂ ಸರ್ಕಾರಿ ಜನನ ಪತ್ರ ಇಲ್ಲ. ನಮ್ಮಜ್ಜಿಯರು ದೊಡ್ಡ ಬರಗಾಲದ ವರ್ಷ ಹುಟ್ಟಿದ್ದು ಅಂತ ಹೇಳ್ತಿದ್ದರಲ್ಲ, ಹಾಗೆ. ಆಗ ಸರ್ಕಾರ 1841 ಮತ್ತು 1851ರ ಜನಗಣತಿಯ ಹಾಳೆಗಳಲ್ಲಿ ಆ ಮುದುಕನ ಅಪ್ಪ ಅಮ್ಮನ ಮನೆ ಹುಡುಕಿ, ಮಗುವಿನ ವಯಸ್ಸು ನೋಡಿ, ಒಂದು ಚೀಟಿ ಬರೆದು ಕೊಡ್ತಿತ್ತು. ಆ ಚೀಟಿಯಿಂದ ಪಿಂಚಣಿ. 1922ರಲ್ಲಿ ಆ ಜನಗಣತಿಯ ಹಾಳೆಗಳೇ ಹೆಚ್ಚುಕಮ್ಮಿ ಎಲ್ಲಾ ಸುಟ್ಟವು. ಇವತ್ತು ಆ ಗಣತಿಯಿಂದ ಉಳಿದಿರೋದರಲ್ಲಿ ದೊಡ್ಡ ಪಾಲು, ಪಿಂಚಣಿಗೆ ಅಂತ ಗುಮಾಸ್ತರು ಬರೆದಿಟ್ಟ ಆ ನಕಲು ಚೀಟಿಗಳೇ. ನಕಲಿಗೆ ಎಷ್ಟು ಬೆಲೆ ನೋಡಿ.

ಈ ಬೆಂಕಿ ಬಿದ್ದಾಗ ರಿಚರ್ಡ್ ಹೇಯ್ಸ್ ಇಪ್ಪತ್ತರ ಆಸುಪಾಸಿನ ಹುಡುಗ. ಹುಟ್ಟಿದ್ದು 1902ರಲ್ಲಿ, ಲಿಮರಿಕ್ ಜಿಲ್ಲೆಯ ಆಬಿಫೀಲ್‌ನಲ್ಲಿ. ಬೆಳೆದದ್ದು ಮೇಯೋ ಜಿಲ್ಲೆಯ ಕ್ಲೇರ್‌ಮಾರಿಸ್‌ನಲ್ಲಿ. ಶಾಲೆ ಕ್ಲಾಂಗೋಸ್ ವುಡ್, ಆಮೇಲೆ ಡಬ್ಲಿನ್ನಿನ ಟ್ರಿನಿಟಿ ಕಾಲೇಜು. ಅಲ್ಲಿ ಒಂದಲ್ಲ, ಎರಡಲ್ಲ, ಮೂರು ಆನರ್ಸ್ ಪದವಿ ಒಟ್ಟಿಗೆ ಮುಗಿಸಿದರು. ಕೆಲ್ಟಿಕ್ ಅಧ್ಯಯನ, ಆಧುನಿಕ ಭಾಷೆಗಳು, ತತ್ವಶಾಸ್ತ್ರ. ಒಂದು ಟ್ರೇಡ್ ಮುಗಿಸೋದಕ್ಕೆ ನಮ್ಮ ಬ್ಯಾಚಿನವರು ಪಟ್ಟ ಪಾಡು ನೆನೆದರೆ ಈ ಮನುಷ್ಯ ಯಾವ ಮಣ್ಣಿನವನು ಅನ್ನಿಸುತ್ತೆ. ಇಷ್ಟು ಓದಿ 1920ರ ದಶಕದಲ್ಲೇ ರಾಷ್ಟ್ರೀಯ ಗ್ರಂಥಾಲಯಕ್ಕೆ ಕೆಲಸಕ್ಕೆ ಸೇರಿದರು.

ಒಂದು ಎಚ್ಚರಿಕೆ. ಇದೇ ಕಾಲದಲ್ಲಿ ಲಿಮರಿಕ್ ಜಿಲ್ಲೆಯವರೇ ಆದ ಇನ್ನೊಬ್ಬ ರಿಚರ್ಡ್ ಹೇಯ್ಸ್ ಇದ್ದರು. ಅವರು ವೈದ್ಯರು, ಇತಿಹಾಸಕಾರರು, ಮುಂದೆ ಸಿನಿಮಾ ಸೆನ್ಸಾರ್ ಅಧಿಕಾರಿ. ಹುಡುಕುವಾಗ ಇಬ್ಬರೂ ಕಲಸಿಹೋಗ್ತಾರೆ. ನಮ್ಮವರು ರಿಚರ್ಡ್ ಜೇಮ್ಸ್, ಅವರು ರಿಚರ್ಡ್ ಫ್ರಾನ್ಸಿಸ್.

ರಾಷ್ಟ್ರೀಯ ಗ್ರಂಥಾಲಯ ಕಿಲ್ಡೇರ್ ಸ್ಟ್ರೀಟ್‌ನಲ್ಲಿದೆ, ಪಾರ್ಲಿಮೆಂಟಿಗೆ ಅಂಟಿಕೊಂಡಂತೆ. ಈಗಿನ ಕಟ್ಟಡ ತೆರೆದದ್ದು 1890ರಲ್ಲಿ. ಮೇಲಿನ ಓದುವ ಕೋಣೆಗೆ ದೊಡ್ಡ ಗುಮ್ಮಟ, ಮೇಜುಗಳ ಮೇಲೆ ಹಸಿರು ಶೇಡಿನ ದೀಪಗಳು. ಅಲ್ಲಿ ಹೇಯ್ಸ್ ಮೊದಲು ಮಾಡಿದ ದೊಡ್ಡ ಕೆಲಸ ಅಂದರೆ ಬ್ರೀಡ್ ನಿ ಡೊನಹಾ ಅನ್ನುವವರ ಜೊತೆ ಸೇರಿ ಐರಿಷ್ ಭಾಷೆಯಲ್ಲಿ 1850ರಿಂದ 1936ರವರೆಗೆ ಬಂದ ಸಾಹಿತ್ಯಕ್ಕೆ ಮೂರು ಸಂಪುಟಗಳ ಸೂಚಿ. ಸೂಚಿ ಅಂದರೆ ಏನು ಬಂದಿದೆ, ಎಲ್ಲಿದೆ ಅಂತ ಪಟ್ಟಿ. ಬೇಜಾರಿನ ಕೆಲಸ ಅನ್ನಿಸುತ್ತೆ. ಆದರೆ ಯಾವತ್ತಾದರೂ ಲೇಬಲ್ ಇಲ್ಲದ ಹಳೇ ಡಿಸ್ಟ್ರಿಬ್ಯೂಷನ್ ಬೋರ್ಡ್ ತೆಗೆದು ನೋಡಿದ್ದೀರಾ? ಮೂವತ್ತು ಬ್ರೇಕರು ಸಾಲಾಗಿರ್ತವೆ, ಯಾವುದು ಅಡುಗೆ ಮನೆದು, ಯಾವುದು ಬಾಯ್ಲರ್‌ದು ಗೊತ್ತಾಗಲ್ಲ. ಕರೆಂಟ್ ಇದ್ದೂ ಉಪಯೋಗ ಇಲ್ಲ, ಮುಟ್ಟೋಕೂ ಭಯ. ಸೂಚಿ ಇಲ್ಲದ ಲೈಬ್ರರಿಯೂ ಹಾಗೇ. ಈ ಮನುಷ್ಯ ಜೀವನ ಪೂರ್ತಿ ಲೇಬಲ್ ಅಂಟಿಸಿದವರು ಅಂತ ನಾನು ಅರ್ಥ ಮಾಡಿಕೊಂಡೆ.

1940ರಲ್ಲಿ ಮೂವತ್ತೆಂಟನೇ ವಯಸ್ಸಿಗೆ ನಿರ್ದೇಶಕರಾದರು. ಯುರೋಪಿನಲ್ಲಿ ಯುದ್ಧ ನಡೀತಿತ್ತು. ಐರ್ಲೆಂಡ್ ತಟಸ್ಥ. ಆದರೆ ಜರ್ಮನ್ ಗೂಢಚಾರರು ಇಳೀತಾನೇ ಇದ್ದರು. 1940ರ ಮೇ ತಿಂಗಳಲ್ಲಿ ಹರ್ಮನ್ ಗೋರ್ಟ್ಸ್ ಅನ್ನುವವನು ಪ್ಯಾರಾಶೂಟ್‌ನಲ್ಲಿ ಮೀತ್ ಜಿಲ್ಲೆಯಲ್ಲಿ ಇಳಿದ. ಅದೇ ತಿಂಗಳು ಡಬ್ಲಿನ್‌ನ ಒಂದು ಮನೆ ಮೇಲೆ ಪೊಲೀಸರು ದಾಳಿ ಮಾಡಿದಾಗ ಪ್ಯಾರಾಶೂಟು, ರೇಡಿಯೋ ಟ್ರಾನ್ಸ್‌ಮಿಟರ್, ಇಪ್ಪತ್ತು ಸಾವಿರ ಡಾಲರ್ ಸಿಕ್ಕವು. ಆಸಾಮಿ ಮಾತ್ರ ಸಿಗಲಿಲ್ಲ. ಸೇನೆಯ ಗುಪ್ತಚರ ವಿಭಾಗಕ್ಕೆ ಗುಪ್ತಲಿಪಿ ಬಿಡಿಸುವವರು ಬೇಕಿತ್ತು. ಅವರು ಬಂದದ್ದು ಈ ಲೈಬ್ರರಿಯನ್ ಹತ್ತಿರ. ಜರ್ಮನ್ ಬರುತ್ತೆ, ಫ್ರೆಂಚ್ ಬರುತ್ತೆ, ಲೆಕ್ಕದಲ್ಲೂ ಚುರುಕು, ಬಾಯಿ ಬಿಗಿ. ಕೈಕೆಳಗೆ ಮೂವರು ಸೈನ್ಯದ ಲೆಫ್ಟಿನೆಂಟುಗಳನ್ನು ಕೊಟ್ಟರು, ಅಷ್ಟೇ. ಹಗಲು ಗ್ರಂಥಾಲಯ, ಉಳಿದ ಹೊತ್ತು ಗುಪ್ತಲಿಪಿ. ಓಡಾಟ ಸೈಕಲ್ ಮೇಲೆ.

1941ರ ಮಾರ್ಚ್‌ನಲ್ಲಿ ವೆಕ್ಸ್‌ಫರ್ಡ್ ಕಡೆ ಗುಂಟರ್ ಶುಟ್ಸ್ ಅನ್ನುವ ಇನ್ನೊಬ್ಬ ಸಿಕ್ಕಿಬಿದ್ದ. ಅವನ ಚೀಲದಲ್ಲಿ ಒಂದು ಮೈಕ್ರೋಸ್ಕೋಪು, ಕೆಲವು ಪೇಪರ್ ಕಟಿಂಗುಗಳು. ಪೇಪರ್ ಕಟಿಂಗಿಗೆ ಮೈಕ್ರೋಸ್ಕೋಪು ಯಾಕೆ? ಹೇಯ್ಸ್ ನೋಡ್ತಾ ನೋಡ್ತಾ ಅಚ್ಚಿನ ಅಕ್ಷರಗಳ ನಡುವೆ ಚುಕ್ಕೆಗಳನ್ನು ಹಿಡಿದರು. ಪೂರ್ಣವಿರಾಮದಷ್ಟು ಚಿಕ್ಕ ಚುಕ್ಕೆ, ಅದರೊಳಗೆ ಇಡೀ ಪುಟದ ಫೋಟೋ. ಮೈಕ್ರೋಡಾಟ್ ಅಂತ ಹೆಸರು. ಗೋರ್ಟ್ಸ್ ಕೊನೆಗೆ 1941ರ ನವೆಂಬರ್‌ನಲ್ಲಿ ಸಿಕ್ಕ. ಹೇಯ್ಸ್ ಬೇರೆ ಹೆಸರು ಇಟ್ಟುಕೊಂಡು, ಸೈನ್ಯದ ಕ್ಯಾಪ್ಟನ್ ಅಂತ ಹೇಳಿಕೊಂಡು ಜೈಲಿಗೆ ಹೋಗಿ ಅವನ ಜೊತೆ ಕೂತು ಮಾತಾಡ್ತಿದ್ದರು. ಬ್ರಿಟಿಷರಿಗೂ ಕಷ್ಟವಾಗಿದ್ದ ಅವನ ಗುಪ್ತಲಿಪಿಯನ್ನು ಬಿಡಿಸಿದರು. ಆಮೇಲೆ ಒಂದು ಆಟ ನಡೀತು. ಗೋರ್ಟ್ಸ್ ಜೈಲಿನಿಂದ ಜರ್ಮನಿಗೆ ಅಂತ ಕದ್ದು ಕಳಿಸ್ತಿದ್ದ ಪತ್ರಗಳೆಲ್ಲ ಗುಪ್ತಚರ ವಿಭಾಗಕ್ಕೆ ಬರ್ತಿದ್ದವು, ಉತ್ತರವೂ ಇಲ್ಲಿಂದಲೇ ಹೋಗ್ತಿತ್ತು. ಅವನಿಗೆ ಮೇಜರ್ ಆಗಿ ಬಡ್ತಿ ಸಿಕ್ಕಿದೆ ಅಂತಲೂ ಸುಳ್ಳು ಉತ್ತರ ಬರೆದರು! ಯುದ್ಧ ಮುಗಿದ ಮೇಲೆ, 1947ರಲ್ಲಿ, ತನ್ನನ್ನು ಜರ್ಮನಿಗೆ ಕಳಿಸ್ತಾರೆ ಅಂತ ಗೊತ್ತಾದಾಗ ಗೋರ್ಟ್ಸ್ ಡಬ್ಲಿನ್‌ನಲ್ಲೇ ವಿಷ ತಗೊಂಡು ಸತ್ತ.

ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಇದ್ದ ಆರ್. ಶಾಮಾಶಾಸ್ತ್ರಿಗಳು ಇಲ್ಲಿ ನೆನಪಾಗ್ತಾರೆ. ತಾಳೆಗರಿಯ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದವರು ಅವರೇ. ಅದರಲ್ಲೂ ಗೂಢಚಾರರ ಅಧ್ಯಾಯ ಇದೆ, ಗುಪ್ತಲಿಪಿಯ ಮಾತೂ ಬರುತ್ತೆ. ಲೈಬ್ರರಿಯನ್ ಅಂದರೆ ಸುಮ್ಮನೆ ಪುಸ್ತಕಕ್ಕೆ ಸೀಲು ಹೊಡೆಯುವವರು ಅಂದುಕೊಂಡಿದ್ದೆವಲ್ಲ!

ಈ ಗೂಢಚಾರರ ಕಥೆಯನ್ನೇ ಇಲ್ಲಿನ ಟಿವಿ, ರೇಡಿಯೋಗಳು ಹೆಚ್ಚು ಹೇಳ್ತವೆ. ಸಿನಿಮಾದ ಹಾಗಿದೆ, ಸರಿ. ನನಗೆ ಮಾತ್ರ ಅವರು ಯುದ್ಧದ ನಂತರ ಮಾಡಿದ ಕೆಲಸವೇ ದೊಡ್ಡದು ಅನ್ನಿಸುತ್ತೆ.

ಅವರ ಯೋಚನೆ ಹೀಗಿತ್ತು. ಮನೆಯ ಕಾಗದ ಸುಟ್ಟಿದೆ, ನಿಜ. ಆದರೆ ಪತ್ರ ಬರೆದವನ ಮನೆ ಸುಟ್ಟರೆ ಪತ್ರ ತಲುಪಿದವನ ಮನೇಲಿ ಅದು ಇರಬೇಕಲ್ಲ? ಐರ್ಲೆಂಡಿನ ಜನ ನಾಲ್ಕುನೂರು ವರ್ಷದಿಂದ ದೇಶ ಬಿಟ್ಟು ಹೋಗ್ತಾನೇ ಇದ್ದಾರೆ. 1601ರಲ್ಲಿ ಕಿನ್ಸೇಲ್‌ನಲ್ಲಿ ಸ್ಪೇನಿನ ಸೈನ್ಯ ಬಂದು ಐರಿಷರ ಜೊತೆ ನಿಂತು ಸೋತಿತು. ಆಮೇಲೆ ಇಲ್ಲಿನ ಪಾಳೇಗಾರರು, ಸಿಪಾಯಿಗಳು ಸ್ಪೇನ್, ಫ್ರಾನ್ಸ್ ರಾಜರ ಸೇವೆಗೆ ಹೋದರು. ಅವರ ಅರ್ಜಿಗಳು, ಸಂಬಳದ ಪಟ್ಟಿಗಳು ಅಲ್ಲಿನ ಸರ್ಕಾರದ ಕಡತಗಳಲ್ಲಿವೆ. ಸ್ಪೇನಿನ ಸಿಮಂಕಾಸ್ ಕೋಟೆಯ ದಾಖಲೆ ಭಂಡಾರದಲ್ಲಿವೆ. ಪಾದ್ರಿಗಳು ಬರೆದ ಪತ್ರಗಳು ರೋಮ್‌ನಲ್ಲಿ, ವ್ಯಾಟಿಕನ್‌ನಲ್ಲಿ. 1798ರ ದಂಗೆಗೆ ಫ್ರಾನ್ಸಿನಿಂದ ಹಡಗು ಬಂದದ್ದು ಮೇಯೋ ಕರಾವಳಿಗೆ, ಹೇಯ್ಸ್ ಬೆಳೆದ ಜಿಲ್ಲೆಗೆ. ಅದರ ಕಡತ ಪ್ಯಾರಿಸ್ಸಿನಲ್ಲಿ. ಇನ್ನು ಲಂಡನ್ ಬಗ್ಗೆ ಹೇಳೋದೇ ಬೇಡ.

ನಮಗೂ ಇದು ಹೊಸದಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಗ್ರಂಥಭಂಡಾರ ಕಲ್ಕತ್ತೆಗೂ ಲಂಡನ್ನಿಗೂ ಹಂಚಿಹೋಯಿತು. ಕೋಟೆ ಬಿದ್ದ ಮೇಲೆ ಪಟ್ಟಣದ ಆಡಳಿತ ನೋಡಿಕೊಂಡ ಆರ್ಥರ್ ವೆಲ್ಲೆಸ್ಲಿ ಡಬ್ಲಿನ್‌ನಲ್ಲೇ ಹುಟ್ಟಿದವನು. ಫೀನಿಕ್ಸ್ ಪಾರ್ಕಿನ ಆ ಎತ್ತರದ ಕಂಬ ಅವನದೇ, ಅದರ ಒಂದು ಬದಿಯ ಲೋಹದ ಫಲಕದಲ್ಲಿ ಇಂಡಿಯಾದ ಯುದ್ಧಗಳ ಚಿತ್ರ ಇದೆ. ಬಾರ್ಬೆಕ್ಯೂಗೆ ಹೋದಾಗ ಒಂದ್ಸಲ ಸುತ್ತು ಹಾಕಿ ನೋಡಿ.

ಹೇಯ್ಸ್ ಮತ್ತು ಅವರ ಜೊತೆಯವರು ಎರಡು ಕೆಲಸ ಮಾಡಿದರು. ಒಂದು, ಯಾವ ದೇಶದ ಯಾವ ಭಂಡಾರದಲ್ಲಿ ಐರ್ಲೆಂಡಿಗೆ ಸಂಬಂಧಿಸಿದ ಯಾವ ಕಾಗದ ಇದೆ ಅಂತ ಪಟ್ಟಿ. ಎರಡು, ಆ ಕಾಗದಗಳ ಮೈಕ್ರೋಫಿಲ್ಮ್ ತೆಗೆಸಿ ಕಿಲ್ಡೇರ್ ಸ್ಟ್ರೀಟಿಗೆ ತರೋದು. ಮೈಕ್ರೋಫಿಲ್ಮ್ ಅಂದರೆ ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ಹಾಳೆಯನ್ನು ಮೇಜಿನ ಮೇಲೆ ಚಪ್ಪಟೆ ಇಟ್ಟು ಎರಡೂ ಕಡೆಯಿಂದ ಸಮನಾಗಿ ಬೆಳಕು ಬಿಟ್ಟು, ಮೇಲಿಂದ ಕ್ಯಾಮರಾದಲ್ಲಿ ಒಂದೊಂದೇ ಪುಟ ಕ್ಲಿಕ್ಕಿಸೋದು. ಬೆಳಕು ಒಂದು ಕಡೆ ಹೆಚ್ಚಾದರೆ ಅರ್ಧ ಪುಟ ಕಪ್ಪು. ನೂರು ಅಡಿಯ ರೀಲಿನಲ್ಲಿ ನೂರಾರು ಪುಟ. ಓದೋ ಯಂತ್ರ ಅಂದರೆ ಒಂದು ಬಲ್ಬು, ಒಂದು ಲೆನ್ಸು, ಒಂದು ಪರದೆ, ಕೈಯಲ್ಲಿ ತಿರುಗಿಸೋ ಹಿಡಿ. ಕೆಟ್ಟರೆ ನಾನು ನೀವು ರಿಪೇರಿ ಮಾಡಬಹುದಾದ ಸರಳ ಯಂತ್ರ. ಆದರೆ ಇದರಿಂದ ಆದ ಬದಲಾವಣೆ ನೋಡಿ. ಮೊದಲು ಸಿಮಂಕಾಸ್‌ನ ಕಡತ ನೋಡಬೇಕಾದರೆ ದುಡ್ಡಿರೋನು ಸ್ಪೇನಿಗೆ ಹೋಗಬೇಕು, ತಿಂಗಳುಗಟ್ಟಲೆ ಹೋಟೆಲ್ ಖರ್ಚು. ಈಗ ಮೇಯೋದ ಮೇಷ್ಟರ ಮಗಳು ಬಸ್ ಹತ್ತಿ ಡಬ್ಲಿನ್ನಿಗೆ ಬಂದು, ಪುಕ್ಕಟೆ ಟಿಕೆಟ್ ಮಾಡಿಸಿ, ಸ್ಪೇನಿನ ರಾಜನ ಕಡತವನ್ನು ಪರದೆ ಮೇಲೆ ಓದಬಹುದು.

ಪಟ್ಟಿಯ ಕೆಲಸ 1965ರಲ್ಲಿ ಅಚ್ಚಾಗಿ ಹೊರಬಂತು. ಐರಿಷ್ ನಾಗರಿಕತೆಯ ಇತಿಹಾಸದ ಹಸ್ತಪ್ರತಿ ಆಕರಗಳು ಅನ್ನುವ ಅರ್ಥದ ಹೆಸರು. ಹನ್ನೊಂದು ಸಂಪುಟ, ಒಂದೊಂದೂ ಇಟ್ಟಿಗೆ. ಅಮೆರಿಕದ ಬಾಸ್ಟನ್‌ನಲ್ಲಿ ಅಚ್ಚಾಯಿತು. ಅಕ್ಷರ ಜೋಡಿಸಿ ಮಾಡಿದ ಪುಸ್ತಕ ಅಲ್ಲ ಅದು. ಲೈಬ್ರರಿಯ ಕಾರ್ಡುಗಳನ್ನೇ ಸಾಲಾಗಿಟ್ಟು ಫೋಟೋ ಹಿಡಿದು ಪುಟ ಮಾಡಿದ್ದು. ಸುಮಾರು ಮೂವತ್ತು ದೇಶಗಳ ಆರುನೂರಕ್ಕೂ ಹೆಚ್ಚು ಗ್ರಂಥಾಲಯ, ದಾಖಲೆ ಭಂಡಾರಗಳು ಅದರಲ್ಲಿವೆ, ಖಾಸಗಿ ಮನೆತನಗಳ ಕಾಗದಗಳು ಬೇರೆ. ವ್ಯಕ್ತಿಯ ಹೆಸರಿನಿಂದ ಹುಡುಕಬಹುದು, ವಿಷಯದಿಂದ ಹುಡುಕಬಹುದು, ಊರಿನಿಂದ, ಇಸವಿಯಿಂದಲೂ ಹುಡುಕಬಹುದು. ಈ ನಾಲ್ಕು ದಾರಿ ಇಟ್ಟದ್ದೇ ಜಾಣತನ. ಯಾಕೆಂದರೆ ಓದಿದವನಿಗೆ ವಿಷಯ ಗೊತ್ತಿರುತ್ತೆ. ಓದದವನಿಗೆ ತನ್ನ ಊರು, ತಾತನ ಹೆಸರು, ಇಷ್ಟೇ ಗೊತ್ತಿರೋದು. ಇಬ್ಬರಿಗೂ ಬಾಗಿಲು ತೆರೆದಿರಬೇಕು. 1970ರಲ್ಲಿ ಪತ್ರಿಕೆಗಳ ಲೇಖನಗಳಿಗೂ ಇಂಥದೇ ಒಂಬತ್ತು ಸಂಪುಟ ಬಂತು. ಈಗ ಇದೆಲ್ಲ ಗ್ರಂಥಾಲಯದ ವೆಬ್‌ಸೈಟಿನಲ್ಲಿ ಸಿಗುತ್ತೆ.

ಅವರ ಕಾಲದಲ್ಲೇ, 1950ರ ದಶಕದಿಂದ, ಊರೂರಿನ ಕ್ಯಾಥೊಲಿಕ್ ಚರ್ಚುಗಳ ಹುಟ್ಟು, ಮದುವೆ ರಿಜಿಸ್ಟರುಗಳನ್ನೂ ಸುಮಾರು 1880ರವರೆಗಿನದು ಮೈಕ್ರೋಫಿಲ್ಮ್ ಮಾಡಿಸಿದರು. ಜನಗಣತಿ ಸುಟ್ಟ ದೇಶದಲ್ಲಿ ಬಡವನ ಹೆಸರು ಉಳಿದಿದ್ದು ಅಲ್ಲೇ. 2015ರಲ್ಲಿ ಅವೆಲ್ಲ ಉಚಿತವಾಗಿ ಆನ್‌ಲೈನ್ ಆದವು, ಮೂರೂವರೆ ಲಕ್ಷಕ್ಕೂ ಹೆಚ್ಚು ಚಿತ್ರಗಳು. ನನ್ನ ಜೊತೆ ಕೆಲಸ ಮಾಡುವ ಐರಿಷ್ ಪ್ಲಂಬರ್ ಒಬ್ಬ ಊಟದ ಬಿಡುವಿನಲ್ಲಿ ಫೋನ್‌ನಲ್ಲೇ ಮುತ್ತಜ್ಜನ ಅಪ್ಪನ ಹೆಸರು ತೋರಿಸಿದ. ಲ್ಯಾಟಿನ್‌ನಲ್ಲಿ ಗೀಚಿದ ಒಂದು ಸಾಲು. ಆ ದಪ್ಪ ಮನುಷ್ಯನ ಕಣ್ಣಲ್ಲಿ ನೀರು.

ನನ್ನದೇ ಒಂದು ಮಾತು ಸೇರಿಸ್ತೀನಿ. ಇಲ್ಲಿಗೆ ಬಂದ ಹೊಸತರಲ್ಲಿ ಒಂದು ಕಡೆ ನನ್ನ ಐಟಿಐ ಸರ್ಟಿಫಿಕೇಟ್ ನೋಡಿ, ಇದರಲ್ಲಿ ಏನು ಕಲಿಸ್ತಾರೆ ಅಂತ ಸರ್ಕಾರಿ ದಾಖಲೆ ತಗೊಂಡು ಬಾ ಅಂದರು. ಏಜೆಂಟ್ ಒಬ್ಬ ಅದಕ್ಕೆ ನಾನ್ನೂರು ಯೂರೋ ಕೇಳಿದ. ನಾನು ವಾಸವಿದ್ದ ಬಡಾವಣೆಯ ಲೈಬ್ರರಿಗೆ ಹೋಗಿದ್ದು ಪ್ರಿಂಟ್ ತೆಗೆಯೋಕೆ. ಅಲ್ಲಿನ ಲೈಬ್ರರಿಯನ್ ಏನು ಬೇಕು ಅಂತ ಕೇಳಿ, ಕುರ್ಚಿ ಎಳೆದು ಕೂತು, ಭಾರತ ಸರ್ಕಾರದ ತರಬೇತಿ ಇಲಾಖೆಯ ಎಲೆಕ್ಟ್ರಿಷಿಯನ್ ಟ್ರೇಡಿನ ಪಠ್ಯಕ್ರಮವನ್ನೇ ಹುಡುಕಿ ಕೊಟ್ಟರು. ಎರಡು ವರ್ಷದ ಕೋರ್ಸು, ವಾರವಾರದ ಪಾಠ ಸಮೇತ. ಖರ್ಚಾದದ್ದು ಪ್ರಿಂಟಿನ ಕೆಲವು ಯೂರೋ. ಆಕೆ ಇಂಡಿಯಾ ನೋಡಿದವರಲ್ಲ, ಐಟಿಐ ಅಂದರೇನು ಅಂತಲೂ ಮೊದಲು ಗೊತ್ತಿರಲಿಲ್ಲ. ಆದರೆ ಒಂದು ಸರ್ಕಾರದ ಕಾಗದ ಎಲ್ಲಿರಬಹುದು, ಯಾವ ಇಲಾಖೆ ಅದನ್ನು ಹೊರಡಿಸಿರುತ್ತೆ ಅಂತ ಯೋಚಿಸುವ ದಾರಿ ಅವರಿಗೆ ಗೊತ್ತಿತ್ತು. ಹೇಯ್ಸ್ ಬಗ್ಗೆ ನನಗೆ ಮೊದಲು ಹೇಳಿದವರೂ ಅವರೇ.

ಆದ್ದರಿಂದ ಹೊಸದಾಗಿ ಬಂದಿರೋ ಗೆಳೆಯರಿಗೆ: ಇಲ್ಲಿನ ಪಬ್ಲಿಕ್ ಲೈಬ್ರರಿ ಸದಸ್ಯತ್ವ ಪುಕ್ಕಟೆ, 2019ರಿಂದ ತಡವಾದರೆ ದಂಡವೂ ಇಲ್ಲ. ರಾಷ್ಟ್ರೀಯ ಗ್ರಂಥಾಲಯದ ರೀಡರ್ಸ್ ಟಿಕೆಟ್ಟೂ ಪುಕ್ಕಟೆ, ಗುರುತಿನ ಚೀಟಿ ತಗೊಂಡು ಹೋಗಿ. ಬ್ಯಾಗು ಲಾಕರ್‌ನಲ್ಲಿ ಇಡಬೇಕು, ಹಸ್ತಪ್ರತಿ ಇದ್ದಲ್ಲಿ ಪೆನ್ನು ಬಿಡಲ್ಲ, ಪೆನ್ಸಿಲ್ ಮಾತ್ರ. ಟ್ರಿನಿಟಿ ಕಾಲೇಜಿನ ಲೈಬ್ರರಿಗೆ 1801ರಿಂದ ಬ್ರಿಟನ್ನಿನ ಪ್ರಕಟಣೆಗಳನ್ನು ಕೇಳಿ ಪಡೆಯುವ ಹಕ್ಕಿದೆ. ಯುರೋಪಿಯನ್ ಒಕ್ಕೂಟದ ಕಾಗದಗಳಿಗೆ ಅಂತಲೇ ಇಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಬೇರೆ ವಿಭಾಗಗಳು ಬಂದವು. ಕೆಲಸದ ಸಮಯ, ರಜೆ, ಸುರಕ್ಷತೆ, ಇವುಗಳ ನಿಯಮ ಎಷ್ಟೋ ಅಲ್ಲಿಂದ ಬಂದವೇ. ಮೇಸ್ತ್ರಿ ಹೇಳಿದ್ದನ್ನೇ ಕಾನೂನು ಅಂದುಕೊಂಡು ಕೂರಬೇಡಿ, ಕಾನೂನನ್ನೇ ಹೋಗಿ ಕೇಳಿ. ಕೇಳೋದಕ್ಕೆ ಕಾಸಿಲ್ಲ.

ಹೇಯ್ಸ್ ಅವರ ಇನ್ನೊಂದು ಕೆಲಸ ಬೇಗ ಹೇಳಿಬಿಡ್ತೀನಿ. ಗಣಿ ವ್ಯವಹಾರದಲ್ಲಿ ಕೋಟ್ಯಧೀಶನಾದ ಆಲ್ಫ್ರೆಡ್ ಚೆಸ್ಟರ್ ಬೀಟಿ 1950ರಲ್ಲಿ ಲಂಡನ್ ಬಿಟ್ಟು ಡಬ್ಲಿನ್ನಿಗೆ ಬಂದ. ಅವನ ಹತ್ತಿರ ಕುರಾನಿನ ಹಸ್ತಪ್ರತಿಗಳು, ಮೊಘಲ್ ಚಿತ್ರಗಳು, ಈಜಿಪ್ಟಿನ ಪಪೈರಸ್ ಹಾಳೆಗಳ ಭಾರಿ ಸಂಗ್ರಹ ಇತ್ತು. ಅದು ಐರ್ಲೆಂಡಿಗೇ ಉಳಿಯುವಂತೆ ಅವನ ವಿಶ್ವಾಸ ಗಳಿಸಿದವರಲ್ಲಿ ಹೇಯ್ಸ್ ಮುಖ್ಯರು. ಮುಂದೆ ಆ ಗ್ರಂಥಾಲಯವನ್ನೂ ನೋಡಿಕೊಂಡರು. ಬೀಟಿ 1968ರಲ್ಲಿ ತೀರಿಕೊಂಡಾಗ ಸಂಗ್ರಹ ಇಲ್ಲಿನ ಜನರ ಪಾಲಾಯಿತು. ಈಗ ಡಬ್ಲಿನ್ ಕ್ಯಾಸಲ್ ಆವರಣದಲ್ಲಿದೆ, ಪ್ರವೇಶ ಉಚಿತ. ಊರಿಂದ ಅಪ್ಪ ಅಮ್ಮ ಬಂದಾಗ ಮಳೆ ಬಂದರೆ ಅಲ್ಲಿಗೆ ಕರಕೊಂಡು ಹೋಗಿ, ಜಹಾಂಗೀರ್, ಷಹಜಹಾನ್ ಕಾಲದ ಚಿತ್ರಗಳನ್ನು ನೋಡಿ ಖುಷಿಪಡ್ತಾರೆ.

1967ರಲ್ಲಿ ನಿರ್ದೇಶಕ ಸ್ಥಾನದಿಂದ ನಿವೃತ್ತರಾದರು. 1976ರಲ್ಲಿ ತೀರಿಕೊಂಡರು. ಗುಪ್ತಲಿಪಿ ಬಿಡಿಸಿದ ವಿಷಯ ಅವರು ಬದುಕಿದ್ದಾಗ ಜನಸಾಮಾನ್ಯರಿಗೆ ಗೊತ್ತಿರಲಿಲ್ಲ. ಅವರೂ ಹೇಳಿಕೊಂಡು ತಿರುಗಲಿಲ್ಲ. ಆ ಕೆಲಸದ ಕಾಗದಗಳು ಈಗ ಎಲ್ಲಿವೆ ಅಂದರೆ, ಅವರೇ ನಡೆಸಿದ ರಾಷ್ಟ್ರೀಯ ಗ್ರಂಥಾಲಯದ ಹಸ್ತಪ್ರತಿ ವಿಭಾಗದಲ್ಲಿ. ಅಕ್ಷರಗಳ ಚೌಕಗಳು, ಲೆಕ್ಕ ಹಾಕಿದ ಹಾಳೆಗಳು, ಗೋರ್ಟ್ಸ್‌ನ ಸಂದೇಶಗಳು. ಎಲ್ಲಕ್ಕೂ ನಂಬರು ಇದೆ, ಸೂಚಿಯಲ್ಲಿ ಹೆಸರಿದೆ. ಟಿಕೆಟ್ ಮಾಡಿಸಿ ಕೇಳಿದರೆ ತಂದು ಮೇಜಿನ ಮೇಲೆ ಇಡ್ತಾರೆ.